ಅಧಿಕಾರಿಗೆ ವರ್ಗಾವಣೆ, ಗುಮಾಸ್ತನಿಗೆ ವಂಶಪಾರಂಪರ್ಯ: ಚಿಂಗ್ ಕಾಲದ ಚೀನಾದಲ್ಲಿ ತಾಲ್ಲೂಕನ್ನು ಆಳಿದವರು ಯಾರು?

ಪ್ರಶ್ನೆ: ಹೇಮಾವತಿ ನಾಲೆ (ಪಾಂಡವಪುರ)

ಎಲ್ಲರಿಗೂ ನಮಸ್ಕಾರ. ನಾನು ದೂರಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೇನೆ. ಈ ಸೆಮಿಸ್ಟರಿಗೆ ಮಿಂಗ್ ಮತ್ತು ಚಿಂಗ್ ವಂಶಗಳ ಚೀನಾ, ಅಂದರೆ 1368ರಿಂದ 1912ರವರೆಗಿನ ಭಾಗ, ಪಾಠಕ್ಕಿದೆ. ಚಕ್ರವರ್ತಿಗಳ ಹೆಸರು, ದಂಗೆಗಳು, ಅಫೀಮು ಯುದ್ಧ ಎಲ್ಲವೂ ಅರ್ಥವಾಗುತ್ತವೆ. ಒಂದು ಲೆಕ್ಕ ಮಾತ್ರ ತಲೆಗೆ ಹತ್ತುತ್ತಿಲ್ಲ.

1800ರ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಸುಮಾರು 30 ಕೋಟಿ ಮುಟ್ಟಿತ್ತು. ಚಕ್ರವರ್ತಿಯಿಂದ ನೇಮಕಗೊಂಡ ಅಧಿಕಾರಿ ಕೂರುವ ಅತ್ಯಂತ ಕೆಳಗಿನ ಘಟಕಕ್ಕೆ ಶಿಯೆನ್ ಎಂದು ಹೆಸರು. ಅದಕ್ಕೆ ಸಮಾನವಾದ ಇತರ ಘಟಕಗಳನ್ನೂ ಸೇರಿಸಿದರೆ ಇಡೀ ದೇಶದಲ್ಲಿ ಸುಮಾರು 1,500. ಎಂದರೆ ಒಂದೊಂದಕ್ಕೆ ಸರಾಸರಿ ಎರಡು ಲಕ್ಷ ಜನ. ನಮ್ಮ ಮಂಡ್ಯ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸುಮಾರು 18 ಲಕ್ಷ ಜನ, ಏಳು ತಾಲ್ಲೂಕು. ಹಾಗಾಗಿ ಶಿಯೆನ್ ಎಂದರೆ ಹೆಚ್ಚುಕಡಿಮೆ ನಮ್ಮ ಒಂದು ತಾಲ್ಲೂಕು ಎಂದು ಅಂದುಕೊಂಡಿದ್ದೇನೆ. ಆದರೆ ನಮ್ಮ ತಹಶೀಲ್ದಾರರ ಪಕ್ಕದಲ್ಲಿ ನ್ಯಾಯಾಲಯ ಬೇರೆ ಇದೆ, ಪೊಲೀಸ್ ಠಾಣೆ ಬೇರೆ, ಖಜಾನೆ ಬೇರೆ, ಶಿಕ್ಷಣ ಇಲಾಖೆ ಬೇರೆ. ಅಲ್ಲಿ ಇವೆಲ್ಲವೂ ಒಬ್ಬನೇ ವ್ಯಕ್ತಿಯ ತಲೆಯ ಮೇಲಿದ್ದವು. ಸಾಲದ್ದಕ್ಕೆ ಅವನು ಪರಪ್ರಾಂತದವನು, ಬಹಳ ಕಡೆ ಅಲ್ಲಿನ ಆಡುಮಾತೇ ತಿಳಿಯದವನು, ಮೂರು ವರ್ಷಕ್ಕೊಮ್ಮೆ ಎತ್ತಂಗಡಿಯಾಗುವವನು. ಕನ್ಫ್ಯೂಷಿಯಸ್‌ನ ಗ್ರಂಥಗಳನ್ನು ಕಂಠಪಾಠ ಮಾಡಿ ಪ್ರಬಂಧ ಬರೆದು ತೇರ್ಗಡೆಯಾದ ಇಂಥವನು ಎರಡು ಲಕ್ಷ ಜನರಿಂದ ಕಂದಾಯ ಎತ್ತಿ, ಅವರ ವ್ಯಾಜ್ಯಗಳನ್ನು ತೀರಿಸಿ, ಬರ ಬಂದಾಗ ಧಾನ್ಯ ಹಂಚಿದ್ದಾದರೂ ಹೇಗೆ?

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ. ಹದಿನೇಳನೆಯ ಶತಮಾನದ ಗು ಯಾನ್‌ವೂ, ಹುವಾಂಗ್ ಜೋಂಗ್‌ಶಿ ಮೊದಲಾದ ಚಿಂತಕರು ಈ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದರೆಂದು ನನ್ನ ಟಿಪ್ಪಣಿಯಲ್ಲಿ ಒಂದೇ ಸಾಲಿದೆ. ಅವರು ಟೀಕಿಸಿದ್ದು ಚಕ್ರವರ್ತಿಯನ್ನೋ ಈ ಕಚೇರಿಯನ್ನೋ?

ಕುತೂಹಲಕ್ಕೆ ಮನೆಯದೂ ಒಂದು ಕಾರಣವಿದೆ. ನಮ್ಮ ತಾತ ಶಾನುಭೋಗರಾಗಿದ್ದರು. ಊರಿಗೆ ಎಷ್ಟು ಅಮಲ್ದಾರರು ಬಂದು ಹೋದರೂ ಲೆಕ್ಕ ಇದ್ದದ್ದು ನಮ್ಮ ಮನೆಯ ಅಟ್ಟದ ಮೇಲೆಯೇ ಎಂದು ಅಜ್ಜಿ ಹೇಳುತ್ತಿದ್ದರು.

ಉತ್ತರ 1: ಹಳೆಯ ಮೇಷ್ಟ್ರು (ಸರಸ್ವತಿಪುರಂ, ಮೈಸೂರು)

ನಿಮ್ಮ ಲೆಕ್ಕ ಸರಿಯಾಗಿದೆ. ಮುಂದಕ್ಕೆ ಹೋದರೆ ಅದು ಇನ್ನೂ ಬಿಗಿಯಾಗುತ್ತದೆ. 1700ರ ಸುಮಾರಿಗೆ 15 ಕೋಟಿಯಷ್ಟಿದ್ದ ಜನ 1850ರ ವೇಳೆಗೆ 43 ಕೋಟಿಯಾದರು, ಆದರೆ ಶಿಯೆನ್‌ಗಳ ಸಂಖ್ಯೆ ಹೆಚ್ಚುಕಡಿಮೆ ಇದ್ದಷ್ಟೇ ಉಳಿಯಿತು. ಅಧಿಕಾರಿ ಪರಊರಿನವನಾಗಿದ್ದುದೂ ಆಕಸ್ಮಿಕವಲ್ಲ. ಚಿಂಗ್ ನಿಯಮದ ಪ್ರಕಾರ ಯಾರೂ ತಮ್ಮ ಸ್ವಂತ ಪ್ರಾಂತದಲ್ಲಿ ಅಧಿಕಾರ ವಹಿಸುವಂತಿರಲಿಲ್ಲ. ಪಕ್ಕದ ಪ್ರಾಂತವಾದರೂ ಸ್ವಂತ ಊರಿನಿಂದ 500 ಲೀ (ಒಂದು ಲೀ ಎಂದರೆ ಸುಮಾರು ಅರ್ಧ ಕಿಲೋಮೀಟರ್) ಒಳಗಿದ್ದರೆ ಅಲ್ಲಿಗೂ ನೇಮಕವಿಲ್ಲ. ನೆಂಟರಿಷ್ಟರ ಹಂಗಿಲ್ಲದವನು ನಿಷ್ಪಕ್ಷಪಾತಿಯಾಗಿರುತ್ತಾನೆ ಎಂಬುದು ನಂಬಿಕೆ. ಅದಕ್ಕಿಂತ ದೊಡ್ಡದು ಭಯ: ಸ್ವಂತ ನೆಲದಲ್ಲಿ ಬೇರು ಬಿಟ್ಟ ಅಧಿಕಾರಿ ನಾಳೆ ಪಾಳೆಯಗಾರನಾಗಬಹುದು ಎಂಬ ಭಯ.

ಹೀಗೆ ಒಬ್ಬಂಟಿಯಾಗಿ ಬಂದವನ ಕೆಲಸ ಮೂರು ಬಗೆಯ ಜನರಿಂದ ನಡೆಯುತ್ತಿತ್ತು. ಮೊದಲನೆಯವರು ಅವನೇ ತನ್ನ ಕೈಯಿಂದ ಸಂಬಳ ಕೊಟ್ಟು ಜೊತೆಗೆ ಕರೆತರುತ್ತಿದ್ದ ಖಾಸಗಿ ಸಲಹೆಗಾರರು. ಕಾನೂನಿಗೊಬ್ಬ, ಕಂದಾಯಕ್ಕೊಬ್ಬ ಇರಲೇಬೇಕು. ಪರೀಕ್ಷೆಯಲ್ಲಿ ಪ್ರಬಂಧ ಬರೆದು ಗೆದ್ದವನಿಗೆ ದಂಡಸಂಹಿತೆಯ ಗಂಧ ಇಲ್ಲದಿದ್ದರೂ ಇವರು ಅದನ್ನೇ ವೃತ್ತಿಯಾಗಿ ಕಲಿತವರು. ಜೆಜಿಯಾಂಗ್ ಪ್ರಾಂತದ ಶಾವೋಶಿಂಗ್ ಸೀಮೆಯಿಂದ ಇಂಥವರು ದೇಶಕ್ಕೆಲ್ಲ ಹಂಚಿಹೋಗುತ್ತಿದ್ದರು. ನಮ್ಮಲ್ಲಿ ಅಡುಗೆ ಭಟ್ಟರೆಂದರೆ ಉಡುಪಿ ಎನ್ನುತ್ತೇವಲ್ಲ, ಹಾಗೆ. ಇವರು ಅಧಿಕಾರಿಯ ಸ್ನೇಹಿತರೆನಿಸಿಕೊಂಡವರು. ಅವನ ಜೊತೆಯಲ್ಲೇ ಉಂಡು, ಅವನು ಹೊರಟಾಗ ಹೊರಟುಬಿಡುವವರು.

ಎರಡನೆಯವರು ಕಚೇರಿಯ ಗುಮಾಸ್ತರು. ರಾಜಧಾನಿಯಲ್ಲಿ ಸಿಬ್ಬಂದಿ, ಕಂದಾಯ, ವಿಧಿವಿಧಾನ, ಸೇನೆ, ದಂಡನೆ, ಕಾಮಗಾರಿ ಎಂಬ ಆರು ಮಂತ್ರಾಲಯಗಳಿದ್ದಂತೆ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಆರು ಕೋಣೆಗಳಿದ್ದವು. ಅವುಗಳಲ್ಲಿ ಕುಳಿತು ಬರೆಯುವವರು ಸ್ಥಳೀಯರು. ಮೂರನೆಯವರು ದಲಾಯತರು: ಸಮನ್ಸ್ ಮುಟ್ಟಿಸುವುದು, ಆರೋಪಿಯನ್ನು ಹಿಡಿದು ತರುವುದು, ಬಾಕಿದಾರರ ಮನೆ ಬಾಗಿಲಲ್ಲಿ ಕೂರುವುದು ಇವರ ಕೆಲಸ. ದಾಖಲೆಯಲ್ಲಿ ಈ ಎರಡೂ ವರ್ಗದವರ ಸಂಖ್ಯೆ ಸ್ವಲ್ಪವೇ. ನಿಜದಲ್ಲಿ ಒಂದೊಂದು ಕಚೇರಿಗೆ ನೂರಾರು ಮಂದಿ ಜೋತುಬಿದ್ದಿದ್ದರು.

ಇವರು ಬದುಕಿದ್ದು ಹೇಗೆಂದು ಕೇಳಿದರೆ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇವೆ. ಅಧಿಕಾರಿಯ ಮೂಲ ಸಂಬಳ ವರ್ಷಕ್ಕೆ 45 ಲಿಯಾಂಗ್ ಬೆಳ್ಳಿ. ಒಂದು ಲಿಯಾಂಗ್ ಎಂದರೆ ಸುಮಾರು 37 ಗ್ರಾಂ. ಸಲಹೆಗಾರನೊಬ್ಬನ ಸಂಭಾವನೆಗೂ ಅದು ಸಾಲದು. ಗುಮಾಸ್ತರಿಗಾದರೋ ಚಿಂಗ್ ಸರ್ಕಾರ 1662ರಿಂದ ಸಂಬಳವನ್ನೇ ನಿಲ್ಲಿಸಿಬಿಟ್ಟಿತು. ಅರ್ಜಿ ಬರೆಯಲು ಇಷ್ಟು, ಮೊಹರು ಒತ್ತಲು ಇಷ್ಟು, ಖಾತೆ ಬದಲಿಸಲು ಇಷ್ಟು ಎಂದು ರೂಢಿಯ ದರಗಳಿದ್ದವು. ಅವುಗಳಿಗೆ ಚೀನೀ ಭಾಷೆಯಲ್ಲಿದ್ದ ಹೆಸರಿನ ಅರ್ಥ ‘ಕೀಳು ರೂಢಿ’ ಎಂದು. ನಮ್ಮ ಕಚೇರಿಗಳ ಭಾಷೆಯಲ್ಲಿ ಅದಕ್ಕೆ ‘ಮಾಮೂಲು’ ಎಂಬ ಒಪ್ಪವಾದ ಪದವಿದೆ. ನಿಯಮದಂತೆ ಗುಮಾಸ್ತನ ಅವಧಿ ಐದು ವರ್ಷ. ಅವಧಿ ಮುಗಿದವನು ಹೆಸರು ಬದಲಿಸಿಕೊಂಡು ಅದೇ ಕೋಣೆಗೆ ಮರಳುತ್ತಿದ್ದ, ಇಲ್ಲವೇ ಮಗನನ್ನೋ ಅಳಿಯನನ್ನೋ ಕೂರಿಸುತ್ತಿದ್ದ.

ಇದನ್ನು ಕಂಡೇ ಗು ಯಾನ್‌ವೂ (1613–1682) ಸಿಟ್ಟಾದದ್ದು. ಅಧಿಕಾರಿಗಳಲ್ಲಿ ಪಾಳೆಯಗಾರಿಕೆ ಹೋಯಿತು, ಗುಮಾಸ್ತರಲ್ಲಿ ಮಾತ್ರ ಉಳಿಯಿತು ಎಂಬರ್ಥದ ಮಾತೊಂದನ್ನು ಮಿಂಗ್‌ಗಿಂತ ಹಿಂದಿನ ಸೊಂಗ್ ವಂಶದ ಕಾಲದ ಯೆ ಶಿ ಎಂಬ ಚಿಂತಕ ಹೇಳಿದ್ದ. ಗು ಅದನ್ನು ಎತ್ತಿಕೊಂಡು ತನ್ನ ವಾದದ ಕೀಲಿಯಾಗಿ ಮಾಡಿಕೊಂಡ. ಅವನು ಸಾಮಾನ್ಯ ಮನುಷ್ಯನಲ್ಲ. 1645ರಲ್ಲಿ, ಚಿಂಗ್ ವಂಶವನ್ನು ಸ್ಥಾಪಿಸಿದ ಮಂಚುಗಳ ಸೇನೆ ಅವನ ಸೀಮೆಯನ್ನು ಗೆದ್ದಾಗ ಅವನನ್ನು ಸಾಕಿದ ತಾಯಿ, ಪರವಂಶದ ಸೇವೆ ಮಾಡಬೇಡವೆಂದು ಮಗನಿಗೆ ಹೇಳಿ ಅನ್ನ ಬಿಟ್ಟು ಪ್ರಾಣ ತೆತ್ತಳು. ಅವನು ಜೀವನಪೂರ್ತಿ ಆ ಮಾತನ್ನು ನಡೆಸಿದ. ಹೇಸರಗತ್ತೆ, ಕುದುರೆಗಳ ಮೇಲೆ ಪುಸ್ತಕ ಹೇರಿಕೊಂಡು ಉತ್ತರ ಚೀನಾ ಸುತ್ತುತ್ತ, ಓದಿದ್ದನ್ನು ಕಣ್ಣಾರೆ ಕಂಡದ್ದರೊಡನೆ ತಾಳೆ ನೋಡುತ್ತ ಬರೆದ.

ತಾಲ್ಲೂಕು ವ್ಯವಸ್ಥೆಯ ಬಗ್ಗೆ ಅವನು ಬರೆದ ಒಂಬತ್ತು ಲೇಖನಗಳಲ್ಲಿ ಸೂಚಿಸಿದ ಪರಿಹಾರ ಇಂದಿಗೂ ಬೆಚ್ಚಿಬೀಳಿಸುವಂಥದು. ಏಳನೆಯ ದರ್ಜೆಯ ತಾಲ್ಲೂಕು ಅಧಿಕಾರಿಯನ್ನು ಐದನೆಯ ದರ್ಜೆಗೆ ಏರಿಸಬೇಕು; ಸಾವಿರ ಲೀ ಒಳಗಿನವನನ್ನೇ, ಆ ನೆಲದ ರೀತಿನೀತಿ ಬಲ್ಲವನನ್ನೇ ನೇಮಿಸಬೇಕು; ಮೊದಲ ಮೂರು ವರ್ಷ ಪರೀಕ್ಷಾರ್ಥ ಇಟ್ಟು, ಆಮೇಲೆ ಮೂರು ಮೂರು ವರ್ಷಕ್ಕೆ ಯೋಗ್ಯತೆ ನೋಡಿ, ಹನ್ನೆರಡು ವರ್ಷ ಚೆನ್ನಾಗಿ ನಡೆಸಿದವನನ್ನು ಜೀವಾವಧಿಗೆ ಅಲ್ಲಿಯೇ ಬಿಡಬೇಕು; ವಯಸ್ಸಾಗಿ ನಿವೃತ್ತಿ ಕೇಳಿದಾಗ ಮಗನನ್ನೋ ತಮ್ಮನನ್ನೋ ಸೂಚಿಸುವ ಹಕ್ಕು ಕೊಡಬೇಕು. ಮನುಷ್ಯನಿಗೆ ತನ್ನ ಮನೆ ಮಕ್ಕಳ ಮೇಲೆ ಮಮತೆ ಇರುವುದು ಸಹಜ. ಆ ಸ್ವಾರ್ಥವನ್ನು ಬೈಯುವ ಬದಲು ತಾಲ್ಲೂಕಿನ ನೊಗಕ್ಕೆ ಕಟ್ಟಿದರೆ ಅವನು ಅದರ ಹೊಲವನ್ನು ತನ್ನ ಹೊಲದಂತೆ, ಅದರ ಕಣಜವನ್ನು ತನ್ನ ಕಣಜದಂತೆ ಕಾಯುತ್ತಾನೆ ಎಂಬುದು ಅವನ ತರ್ಕ. ಗುಮಾಸ್ತ ವಂಶಪಾರಂಪರ್ಯವಾಗಿ ಇರುತ್ತಾನೆಂದಾದರೆ ಅಧಿಕಾರಿಯೂ ಇರಲಿ, ಆಗ ಲೆಕ್ಕ ಸಮವಾಗುತ್ತದೆ ಎಂದಂತಾಯಿತು.

ಉತ್ತರ 2: ನಿವೃತ್ತ ಶಿರಸ್ತೇದಾರ (ಮದ್ದೂರು)

ಮೇಷ್ಟ್ರ ಬರಹ ಓದಿ ಸಂತೋಷವಾಯಿತು, ಸ್ವಲ್ಪ ಬೇಸರವೂ ಆಯಿತು. ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ಬರೆದವನು ನಾನು. ಎಷ್ಟು ಸಾಹೇಬರು ಬಂದರು, ಎಷ್ಟು ಮಂದಿ ಹೋದರು ಎಂದು ಬೆರಳೆಣಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ನಮ್ಮ ಮುಖದ ಮೇಲೆ ಹೇಳಿದವರು ಬಹಳ. ಚೀನಾದಲ್ಲಿಯೂ ಅದೇ ಕಥೆ ಎಂದು ಈಗ ತಿಳಿಯಿತು. ಆದರೆ ಒಂದು ವಿಷಯ ಗಮನಿಸಿ: ಆ ಗುಮಾಸ್ತರ ಬಗ್ಗೆ ನಮಗೆ ತಿಳಿದಿರುವುದನ್ನೆಲ್ಲ ಬರೆದಿಟ್ಟವರು ಯಾರು? ಪರೀಕ್ಷೆ ಪಾಸು ಮಾಡಿದ ಪಂಡಿತರು. ಅವರ ಪುಸ್ತಕಗಳಲ್ಲಿ ಅಧಿಕಾರಿ ತಪ್ಪು ಮಾಡಿದರೆ ಅವನು ಮೋಸಹೋದವನು, ಗುಮಾಸ್ತ ಮಾಡಿದರೆ ಅವನು ಧೂರ್ತ. ಸಂಬಳ ಕೊಡದೆ ದುಡಿಸಿಕೊಂಡ ಸರ್ಕಾರದ ಬಗ್ಗೆ ಆ ಮಟ್ಟದ ಕೋಪ ಅವರಿಗೆ ಯಾಕೆ ಬರಲಿಲ್ಲ? ನಮ್ಮ ಶಾನುಭೋಗರಿಗಾದರೂ ಇನಾಮು ಜಮೀನೋ ಪೋಟಗಿಯೋ ಇತ್ತು.

ಈ ವಿಷಯದಲ್ಲಿ ನನ್ನ ಮೆಚ್ಚಿನವನು ಗು ಅಲ್ಲ, ವಾಂಗ್ ಹುಯಿಜು ಎಂಬಾತ. ಮಗಳು ತಂದುಕೊಟ್ಟ ಇಂಗ್ಲಿಷ್ ಪುಸ್ತಕವೊಂದರಲ್ಲಿ ಅವನ ಪರಿಚಯವಾಯಿತು. ಮೇಷ್ಟ್ರು ಹೇಳಿದ ಶಾವೋಶಿಂಗ್ ಸೀಮೆಯವನೇ. ಮೂವತ್ತಕ್ಕೂ ಹೆಚ್ಚು ವರ್ಷ ಬೇರೆ ಬೇರೆ ಅಧಿಕಾರಿಗಳ ಖಾಸಗಿ ಸಲಹೆಗಾರನಾಗಿ ದುಡಿದ. ನಡುವೆ 1775ರಲ್ಲಿ ಅತ್ಯುನ್ನತ ಪರೀಕ್ಷೆಯನ್ನೂ ಗೆದ್ದ. ಕೊನೆಗೆ ಹುನಾನ್ ಪ್ರಾಂತದ ನಿಂಗ್‌ಯುವಾನ್ ಎಂಬಲ್ಲಿ ತಾನೇ ತಾಲ್ಲೂಕು ಅಧಿಕಾರಿಯಾದ. ಎಂದರೆ ಮೇಜಿನ ಎರಡೂ ಬದಿಯಲ್ಲಿ ಕುಳಿತವನು. ಕಿರಿಯ ಸಲಹೆಗಾರರಿಗೆಂದು 1785ರಲ್ಲಿ ಅವನು ಬರೆದ ಕೈಪಿಡಿಯಲ್ಲಿ, ಶುದ್ಧಹಸ್ತನಾದ ಅಧಿಕಾರಿಯೂ ಧೂರ್ತ ಗುಮಾಸ್ತನ ಕೈಯಿಂದ ತಪ್ಪಿಸಿಕೊಳ್ಳಲಾರ ಎಂಬ ಗಾದೆಯನ್ನು ಹೇಳುತ್ತಾನೆ. ಅದರ ಬೆನ್ನಿಗೇ ಗುಮಾಸ್ತರಿಗೆ ಸಂಬಳವಿಲ್ಲ, ಆದ್ದರಿಂದ ಮೊದಲಿನಿಂದ ನಡೆದುಬಂದ ಮಾಮೂಲನ್ನು ಕೆದಕಿ ಕೆದಕಿ ತೆಗೆಯಬೇಕಿಲ್ಲ, ಅದಕ್ಕೂ ಮೀರಿ ಹೊಸ ಕೈಚಳಕ ತೋರಿಸಿ ಜನರನ್ನು ಸುಲಿಯಲು ಹೊರಟರೆ ಮಾತ್ರ ಬಿಡಬೇಡ ಎನ್ನುತ್ತಾನೆ. ಪುಸ್ತಕದ ನ್ಯಾಯಕ್ಕೂ ಕಚೇರಿಯ ನ್ಯಾಯಕ್ಕೂ ಇರುವ ಅಂತರ ತಿಳಿದವನ ಮಾತು ಇದು. ಮಾಮೂಲನ್ನು ನಾನು ಸಮರ್ಥಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. ನಮಗೆ ಸಂಬಳ ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ. ವ್ಯತ್ಯಾಸ ಅಲ್ಲಿದೆ.

ಗು ಯಾನ್‌ವೂ ಹೇಳಿದ ಪರಿಹಾರಕ್ಕೆ ತಿರುಗುಮುರುಗಾದದ್ದು ನಮ್ಮಲ್ಲಿ ನಡೆಯಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದು ಶಾನುಭೋಗಿಕೆ, ಪಟೇಲಿಕೆ ಹೋದವು. ಅವುಗಳ ಜಾಗದಲ್ಲಿ ವರ್ಗಾವಣೆಯಾಗುವ ಗ್ರಾಮ ಲೆಕ್ಕಿಗರು ಬಂದರು. ಗು ಅಧಿಕಾರಿಯನ್ನು ಗುಮಾಸ್ತನಂತೆ ಸ್ಥಿರಗೊಳಿಸಲು ಹೊರಟರೆ ನಾವು ಗುಮಾಸ್ತನನ್ನೇ ಅಧಿಕಾರಿಯಂತೆ ಚಲಿಸುವವನನ್ನಾಗಿ ಮಾಡಿದೆವು. ಅದರಿಂದ ಊರಿನ ಬಡವನ ತಲೆಯ ಮೇಲಿದ್ದ ಒಂದು ಮನೆತನದ ಹಿಡಿತ ತಪ್ಪಿದ್ದು ಖಂಡಿತ. ಆದರೆ ಯಾವ ಗದ್ದೆಗೆ ಯಾವ ತೂಬಿನ ನೀರು, ಯಾರ ಬದು ಎಲ್ಲಿ ಸರಿದಿದೆ ಎಂಬ ತಿಳಿವಳಿಕೆಯೂ ಅದರೊಂದಿಗೆ ಅರ್ಧ ಹೋಯಿತು. ಎರಡನ್ನೂ ಕಂಡ ಹಿರಿಯರ ಬಾಯಲ್ಲಿ ಎರಡು ಮಾತೂ ಕೇಳಿದ್ದೇನೆ.

ಉತ್ತರ 3: ಸಂಜೆ ಓದು (ಕುವೆಂಪುನಗರ, ಮೈಸೂರು)

ಚರ್ಚೆ ಗುಮಾಸ್ತರ ಸುತ್ತಲೇ ನಿಂತುಬಿಟ್ಟಿದೆ. ಪ್ರಶ್ನೆಯ ಎರಡನೆಯ ಭಾಗ ಚಕ್ರವರ್ತಿಯೋ ಕಚೇರಿಯೋ ಎಂಬುದಾಗಿತ್ತು. ಹುವಾಂಗ್ ಜೋಂಗ್‌ಶಿಯನ್ನು (1610–1695) ಓದಿದರೆ ಈ ಎರಡು ಪ್ರಶ್ನೆಗಳೂ ಒಂದೇ ಎಂದು ಕಾಣುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಗುವಿಗಿಂತ ಅವನ ನೋಟ ಆಳವಾದದ್ದು.

ಅವನ ತಂದೆ, ಆಡಳಿತದ ಸುಧಾರಣೆ ಬಯಸಿದ ಪಂಡಿತರ ಗುಂಪಾದ ಡೊಂಗ್‌ಲಿನ್ ಪಂಥದ ಪ್ರಾಮಾಣಿಕ ಅಧಿಕಾರಿ. ಚಕ್ರವರ್ತಿಯ ಹೆಸರಿನಲ್ಲಿ ನಪುಂಸಕ ವೆಯ್ ಜೋಂಗ್‌ಶಿಯೆನ್ ರಾಜ್ಯಭಾರ ಮಾಡುತ್ತಿದ್ದ ಕಾಲದಲ್ಲಿ, 1626ರಲ್ಲಿ, ಆತ ಸೆರೆಮನೆಯಲ್ಲಿ ಸತ್ತ. ಎರಡು ವರ್ಷದ ನಂತರ, ಇನ್ನೂ ಹುಡುಗನೇ ಆಗಿದ್ದ ಹುವಾಂಗ್ ರಾಜಧಾನಿಗೆ ಹೋಗಿ, ವಿಚಾರಣೆ ನಡೆಯುತ್ತಿದ್ದ ಜಾಗದಲ್ಲೇ ತಂದೆಯ ಸಾವಿಗೆ ಕಾರಣನಾದವನನ್ನು ಅಂಗಿಯ ತೋಳಿನಲ್ಲಿ ಬಚ್ಚಿಟ್ಟುಕೊಂಡು ಹೋಗಿದ್ದ ದಬ್ಬಳದಿಂದ ತಿವಿದ. ಮುಂದೆ ಮಂಚುಗಳ ವಿರುದ್ಧವೂ ಹೋರಾಡಿ ಸೋತು, 1663ರಲ್ಲಿ ತನ್ನ ಅತಿ ದಿಟ್ಟ ಪುಸ್ತಕವನ್ನು ಮುಗಿಸಿದ.

ಅದರ ಮೊದಲ ಅಧ್ಯಾಯವೇ ರಾಜನ ಬಗ್ಗೆ. ಹಿಂದಿನ ಕಾಲದಲ್ಲಿ ಲೋಕ ಯಜಮಾನ, ರಾಜ ಅತಿಥಿ. ಈಗ ರಾಜ ಯಜಮಾನ, ಲೋಕ ಅತಿಥಿ. ಲೋಕಕ್ಕೆ ಎಲ್ಲಿಯೂ ನೆಮ್ಮದಿ ಇಲ್ಲದಿರುವುದು ಅದಕ್ಕೇ ಎನ್ನುತ್ತಾನೆ. ನಂತರ ಕಾನೂನಿನ ಅಧ್ಯಾಯಕ್ಕೆ ಬರುತ್ತಾನೆ. ರಾಜ್ಯವನ್ನು ಸ್ವಂತ ಆಸ್ತಿಯೆಂದುಕೊಂಡ ವಂಶ ಮಾಡುವ ಕಾನೂನು ಲೋಕದ ಕಾನೂನಲ್ಲ, ಒಂದು ಮನೆತನದ ಪೆಟ್ಟಿಗೆಯ ಬೀಗ. ಒಬ್ಬನನ್ನು ನೇಮಿಸಿದ ಕೂಡಲೇ ಇವನು ಕದಿಯುತ್ತಾನೇನೋ ಎಂಬ ಶಂಕೆ. ಇವನನ್ನು ಕಾಯಲು ಇನ್ನೊಬ್ಬ. ಒಂದು ನಿಯಮ ಮಾಡಿದ ಕೂಡಲೇ ಯಾರೋ ಇದನ್ನು ವಂಚಿಸುತ್ತಾರೆಂಬ ಶಂಕೆ. ಅದಕ್ಕೆ ಇನ್ನೊಂದು ನಿಯಮ. ಹೀಗೆ ಕಾನೂನು ದಟ್ಟವಾದಷ್ಟೂ ಅವ್ಯವಸ್ಥೆ ಹುಟ್ಟುವುದು ಆ ಕಾನೂನಿನ ಹೊಟ್ಟೆಯೊಳಗೇ ಎಂಬುದು ಅವನ ನಿಲುವು.

ಈಗ ಶಿರಸ್ತೇದಾರರ ಕೋಣೆಗೆ ಮರಳೋಣ. ನಿಯಮಗಳು ಸಾವಿರಾರಾದ ಮೇಲೆ ಅವು ಯಾವ ಕಡತದಲ್ಲಿ ಇವೆ, ಹಿಂದಿನ ಯಾವ ಪ್ರಕರಣದಲ್ಲಿ ಏನಾಗಿತ್ತು ಎಂದು ಬಲ್ಲವನು ಗುಮಾಸ್ತನೊಬ್ಬನೇ. ಮೂರು ವರ್ಷಕ್ಕೆ ಹೊರಡುವವನು ಅವನ ಮುಂದೆ ಕೈಕಟ್ಟಿ ನಿಲ್ಲಲೇಬೇಕು. ಚಕ್ರವರ್ತಿ ತನ್ನ ಅಧಿಕಾರಿಯನ್ನು ನಂಬದಿದ್ದುದರ ಫಲವಾಗಿ ಅಧಿಕಾರ ಚಕ್ರವರ್ತಿಗೂ ದಕ್ಕದೆ, ಅಧಿಕಾರಿಗೂ ದಕ್ಕದೆ ಬರವಣಿಗೆಯವನ ಪಾಲಾಯಿತು. ಆದ್ದರಿಂದ ಗುಮಾಸ್ತನ ಧೂರ್ತತನ ಅವನ ಗುಣದಲ್ಲಿ ಹುಟ್ಟಿದ್ದಲ್ಲ. ಸಿಂಹಾಸನದ ಅಪನಂಬಿಕೆ ಕೆಳಗಿನ ಮೆಟ್ಟಿಲಿಗೆ ಇಳಿದು ಬಂದಾಗ ತಾಳಿದ ರೂಪ ಅದು. ಹುವಾಂಗ್ ಕೂಡ ಗುಮಾಸ್ತರನ್ನು ಮೆಚ್ಚಿದವನಲ್ಲ ಎಂಬುದನ್ನೂ ಹೇಳಿಬಿಡಬೇಕು. ಓಡಾಟದ ಕೆಲಸಕ್ಕೆ ಊರವರನ್ನು ಸರದಿಯ ಮೇಲೆ ಹಚ್ಚಿ, ಬರವಣಿಗೆಯ ಕೆಲಸಕ್ಕೆ ವಿದ್ಯಾವಂತರನ್ನೇ ಕೂರಿಸಿ ಎಂದು ಅವನ ಸಲಹೆ. ಬರೆಯುವ ಕೆಲಸ ಕೀಳಲ್ಲ ಎಂದು ಒಪ್ಪಿಕೊಂಡರೆ ಮಾತ್ರ ಅದು ಸಾಧ್ಯ, ಅಲ್ಲವೇ?

ಗು ಮದ್ದನ್ನು ತಾಲ್ಲೂಕಿನಲ್ಲಿ ಹುಡುಕಿದ. ಹುವಾಂಗ್ ಶಾಲೆಯಲ್ಲಿ ಹುಡುಕಿದ. ಸರಿ ತಪ್ಪನ್ನು ಅರಮನೆ ತೀರ್ಮಾನಿಸಬಾರದು, ಶಾಲೆಯಲ್ಲಿ ಅದರ ಚರ್ಚೆ ನಡೆಯಬೇಕು. ಚಕ್ರವರ್ತಿಯೂ ರಾಜಧಾನಿಯ ವಿದ್ಯಾಲಯಕ್ಕೆ ಬಂದು ಶಿಷ್ಯರ ಸಾಲಿನಲ್ಲಿ ಕುಳಿತು ಕೇಳಬೇಕು ಎಂದ. ಇದನ್ನು ಪ್ರಜಾಪ್ರಭುತ್ವ ಎಂದು ಕರೆಯುವ ಆತುರ ನನಗಿಲ್ಲ. ಅವನ ಶಾಲೆಯಲ್ಲಿ ಮಾತಾಡುವವರು ಓದಿದ ಗಂಡಸರು ಮಾತ್ರ. ರೈತನಿಗೆ ಅಲ್ಲಿ ಜಾಗವಿಲ್ಲ. ಆದರೂ 1890ರ ದಶಕದಲ್ಲಿ ಸುಧಾರಣಾವಾದಿ ಲಿಯಾಂಗ್ ಚಿಚಾವೋ ಮತ್ತು ಅವನ ಗೆಳೆಯರು ಈ ಹಳೆಯ ಪುಸ್ತಕವನ್ನೇ ಗುಟ್ಟಾಗಿ ಅಚ್ಚುಹಾಕಿಸಿ ಹಂಚಿದರು.

ಉತ್ತರ 4: ಸಂಗಮದ ದಾರಿ (ಶ್ರೀರಂಗಪಟ್ಟಣ)

ಎರಡು ತಿದ್ದುಪಡಿ ಮಾತ್ರ.

ಸರ್ಕಾರ ಕಣ್ಣುಮುಚ್ಚಿ ಕುಳಿತಿತ್ತು ಎಂಬ ಚಿತ್ರ ಸರಿಯಲ್ಲ. ಯುಂಗ್‌ಚೆಂಗ್ ಚಕ್ರವರ್ತಿ (ಆಳ್ವಿಕೆ 1722–1735) ಈ ಸಂಬಳದ ಗಂಟನ್ನೇ ಬಿಚ್ಚಲು ಕೈಹಾಕಿದ. ಕಂದಾಯದ ಚಿಲ್ಲರೆ ಬೆಳ್ಳಿಯನ್ನು ಕರಗಿಸಿ ಗಟ್ಟಿ ಮಾಡುವಾಗ ನಷ್ಟವಾಗುತ್ತದೆಂಬ ನೆಪದಲ್ಲಿ ಅಧಿಕಾರಿಗಳು ಎತ್ತುತ್ತಿದ್ದ ಹೆಚ್ಚುವರಿ ಹಣವನ್ನು ಬಹಿರಂಗಗೊಳಿಸಿ, ಪ್ರಾಂತದ ಬೊಕ್ಕಸಕ್ಕೆ ಸೇರಿಸಿ, ಅದರಿಂದಲೇ ‘ಪ್ರಾಮಾಣಿಕತೆಯ ಪೋಷಣೆ’ ಎಂಬ ಹೆಸರಿನ ಭತ್ಯೆ ಕೊಡಿಸಿದ. 45 ಲಿಯಾಂಗ್ ಪಡೆಯುತ್ತಿದ್ದ ತಾಲ್ಲೂಕು ಅಧಿಕಾರಿಗೆ ಸ್ಥಳಕ್ಕೆ ತಕ್ಕಂತೆ ನೂರಾರು, ಕೆಲವೆಡೆ ಸಾವಿರಕ್ಕೂ ಮೀರಿ ಬರತೊಡಗಿತು. ಧಾನ್ಯದ ಉಗ್ರಾಣಗಳ ಜಾಲವೂ ಆ ಶತಮಾನದಲ್ಲಿ ಗಟ್ಟಿಯಾಗಿತ್ತು. 1743–44ರಲ್ಲಿ ಜಿಲಿ ಪ್ರಾಂತಕ್ಕೆ ಬರ ಬಿದ್ದಾಗ ಸರ್ಕಾರ ನಡೆಸಿದ ಪರಿಹಾರ ಕಾರ್ಯ ಅಂದಿನ ಯಾವ ದೇಶಕ್ಕೂ ಮಾದರಿಯಾಗುವಂಥದು. ಹಾಗಿದ್ದೂ ಆ ಭತ್ಯೆ ಗುಮಾಸ್ತನ ಕೋಣೆಯವರೆಗೆ ಇಳಿಯಲಿಲ್ಲ ಎಂಬುದು ಶಿರಸ್ತೇದಾರರ ಮಾತಿಗೆ ಪುಷ್ಟಿ. ಶತಮಾನ ಮುಗಿಯುವ ಹೊತ್ತಿಗೆ ಮೇಲಿನವರೇ ಕೆಟ್ಟಿದ್ದರು. ಚಿಯೆನ್‌ಲುಂಗ್ ಚಕ್ರವರ್ತಿಯ ಮುದ್ದಿನ ಮಂತ್ರಿ ಹೆಶೆನ್‌ನನ್ನು, ಆ ಚಕ್ರವರ್ತಿ ಸತ್ತ ಕೆಲವೇ ದಿನಗಳಲ್ಲಿ, ಭ್ರಷ್ಟಾಚಾರದ ಆರೋಪದ ಮೇಲೆ ತಾನೇ ಪ್ರಾಣ ಬಿಡುವಂತೆ ಮಾಡಲಾಯಿತು. ಅದು 1799ರ ಫೆಬ್ರವರಿ. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮೂರಿನ ಕೋಟೆ ಬಿತ್ತು. ಒಂದಕ್ಕೊಂದು ಸಂಬಂಧವಿಲ್ಲ, ಇಸವಿ ನೆನಪಿಡಲು ಅನುಕೂಲ ಅಷ್ಟೇ.

ಎರಡನೆಯದು, ಶಿಯೆನ್‌ನಿಂದ ಕೆಳಗೆ ಏನೂ ಇರಲಿಲ್ಲವೆಂದಲ್ಲ. ಪರೀಕ್ಷೆಯ ಮೊದಲ ಮೆಟ್ಟಿಲು ದಾಟಿದ ಪದವೀಧರರು ಊರೂರಲ್ಲಿ ಇದ್ದರು. ತನ್ನ ಕಾಲದಲ್ಲಿ ಅಂಥವರು ಐದು ಲಕ್ಷಕ್ಕೆ ಕಡಿಮೆಯಿಲ್ಲ ಎಂದು ಗು ಯಾನ್‌ವೂವೇ ಅಂದಾಜು ಮಾಡಿ, ಇವರನ್ನು ರದ್ದುಮಾಡಿದರೆ ಕಚೇರಿಗಳು ಶುದ್ಧವಾಗುತ್ತವೆ ಎಂದು ಬರೆದ. ಇವರಿಗೆ ಬಿಟ್ಟಿ ದುಡಿಮೆಯಿಂದ ವಿನಾಯಿತಿ. ಅಧಿಕಾರಿ ಇವರನ್ನು ಸಾಮಾನ್ಯರಂತೆ ಕರೆದು ಹೊಡೆಸುವಂತಿರಲಿಲ್ಲ. ಊರಿನ ಕುಲದ ದೇಗುಲ, ಸೇತುವೆ, ಕೆರೆಕಟ್ಟೆ, ವ್ಯಾಜ್ಯದ ಪಂಚಾಯಿತಿ ಎಲ್ಲವೂ ಇವರ ಕೈಯಲ್ಲಿ. ಅಕ್ಕಪಕ್ಕದವರ ಕಂದಾಯವನ್ನೂ ತಾವೇ ಕಟ್ಟುತ್ತೇವೆಂದು ವಹಿಸಿಕೊಂಡು ನಡುವೆ ಪಾಲು ಹಿಡಿಯುವವರೂ ಇವರೇ. 1661ರಲ್ಲಿ ಜಿಯಾಂಗ್‌ನಾನ್ ಸೀಮೆಯಲ್ಲಿ ಕಂದಾಯ ಬಾಕಿಗಾಗಿ ಇಂಥ ಹದಿಮೂರು ಸಾವಿರಕ್ಕೂ ಹೆಚ್ಚು ಜನರನ್ನು ಮಂಚು ಸರ್ಕಾರ ಶಿಕ್ಷಿಸಿತು. ಗುಮಾಸ್ತ ಮತ್ತು ಜಮೀನ್ದಾರ ಪಂಡಿತ, ಇಬ್ಬರೂ ರೈತನ ಮಡಕೆಗೇ ಕೈಹಾಕುತ್ತಿದ್ದವರು. ಪಂಡಿತನ ಕೈಯಲ್ಲಿ ಲೇಖನಿ ಇದ್ದುದರಿಂದ ಕೆಟ್ಟ ಹೆಸರು ಗುಮಾಸ್ತನಿಗೆ ಬಂತು.

ಹೇಮಾವತಿ ನಾಲೆ (ಪಾಂಡವಪುರ)

ಎಲ್ಲರಿಗೂ ಕೃತಜ್ಞತೆಗಳು. ಪಠ್ಯದ ಒಂದು ಸಾಲು ಇಷ್ಟು ದೊಡ್ಡ ಮನೆಯಾಗಿರುತ್ತದೆಂದು ತಿಳಿದಿರಲಿಲ್ಲ. ಮೇಷ್ಟ್ರಲ್ಲಿ ಒಂದು ಸಣ್ಣ ವಿನಂತಿ. ತಾವು ‘ಪಾಳೆಯಗಾರಿಕೆ’ ಎಂದು ಬಳಸಿದ ಕಡೆ ನನ್ನ ಟಿಪ್ಪಣಿಯಲ್ಲಿ ‘ಊಳಿಗಮಾನ್ಯ ಪದ್ಧತಿ’ ಎಂದಿದೆ. ಉತ್ತರ ಪತ್ರಿಕೆಯಲ್ಲಿ ಯಾವುದನ್ನು ಬರೆಯಲಿ?

ಹಳೆಯ ಮೇಷ್ಟ್ರು (ಸರಸ್ವತಿಪುರಂ, ಮೈಸೂರು)

ಪರೀಕ್ಷೆಯಲ್ಲಿ ಪಠ್ಯದ ಪದವನ್ನೇ ಬರೆಯಿರಿ, ಅಂಕ ಕೊಡುವವರ ಜೊತೆ ಜಗಳ ಬೇಡ. ಅರ್ಥ ಮಾತ್ರ ಬೇರೆ ಇಟ್ಟುಕೊಳ್ಳಿ. ‘ಊಳಿಗಮಾನ್ಯ’ ಎಂದೊಡನೆ ಯೂರೋಪಿನ ಒಡೆಯ, ಜೀತದ ರೈತ, ಕುದುರೆಯ ಮೇಲಿನ ಯೋಧ ಕಣ್ಣಮುಂದೆ ಬರುತ್ತಾರೆ. ಗು ಯಾನ್‌ವೂ ಬಳಸಿದ ಫೆಂಗ್‌ಜಿಯೆನ್ ಎಂಬ ಪದದಲ್ಲಿ ಅದಿಲ್ಲ. ಅದು ಕ್ರಿಸ್ತಪೂರ್ವ 221ರಲ್ಲಿ ಚಿನ್ ಚಕ್ರವರ್ತಿ ಇಡೀ ದೇಶವನ್ನು ಒಂದು ಮಾಡಿ ಕಚೇರಿಗಳನ್ನು ಸ್ಥಾಪಿಸುವ ಮುಂಚೆ ಇದ್ದ ವ್ಯವಸ್ಥೆ: ರಾಜ ನೆಲ ಕೊಟ್ಟು ನೆಟ್ಟ ಮನೆತನಗಳು ಆಯಾ ಸೀಮೆಯನ್ನು ತಲೆತಲಾಂತರ ಆಳುವುದು. ಅದರ ಎದುರುಪದವೇ ವರ್ಗಾವಣೆಯ ಅಧಿಕಾರಿಗಳ ಆಡಳಿತ. ಆ ಎರಡರಲ್ಲಿ ಯಾವುದು ಮೇಲು ಎಂಬುದು ಚೀನಾದಲ್ಲಿ ಎರಡು ಸಾವಿರ ವರ್ಷ ನಡೆದ ವಾದ. ಗುವಿನ ಹೊಸತನವಿರುವುದು ಆಯ್ಕೆ ಮಾಡಲು ನಿರಾಕರಿಸಿದ್ದರಲ್ಲಿ. ಎರಡನೆಯದರ ಮೈಯೊಳಗೆ ಮೊದಲನೆಯದರ ಆಶಯವನ್ನು ತುಂಬಿ ಎಂದ.

ಪಾಳೆಯಗಾರಿಕೆ ಎಂಬ ಪದವನ್ನು ಬೇಕೆಂದೇ ಆರಿಸಿಕೊಂಡೆ, ಏಕೆಂದರೆ ಇದೇ ಪ್ರಶ್ನೆ ಅದೇ ಕಾಲದಲ್ಲಿ ಮೈಸೂರಿನಲ್ಲೂ ಎದ್ದಿತ್ತು. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಗು ಯಾನ್‌ವೂವಿನ ಕೊನೆಯ ವರ್ಷಗಳ, ಕಾಂಗ್‌ಶಿ ಚಕ್ರವರ್ತಿಯ ಸಮಕಾಲೀನರು. ಅವರು ಪಾಳೆಯಗಾರರನ್ನು ಮಣಿಸಿ, ರಾಜ್ಯದ ವ್ಯವಹಾರವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ ‘ಅಠಾರಾ ಕಚೇರಿ’ ನಡೆಸಿದರು. ನಮ್ಮಲ್ಲಿ ಕಚೇರಿ ಹೊಸದು, ಅದರ ಬಿಸಿ ಇನ್ನೂ ತಾಗಬೇಕಿತ್ತು. ಚೀನಾದಲ್ಲಿ ಅದು ಹಳಸಿ, ಬುದ್ಧಿವಂತರು ಪಾಳೆಯಗಾರರನ್ನೇ ನೆನೆಯುವ ಹಂತಕ್ಕೆ ಬಂದಿತ್ತು.

ಗುವಿನ ಸಲಹೆ ಮುಂದೇನಾಯಿತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅವನ ಕಾಲದಲ್ಲಿ ಏನೂ ಆಗಲಿಲ್ಲ. ಎರಡು ಶತಮಾನದ ನಂತರ, ತೈಪಿಂಗ್ ದಂಗೆಯ ನಡುವೆ, ಸುಝೌ ನಗರದ ಫೆಂಗ್ ಗುಯಿಫೆನ್ ಎಂಬಾತ 1861ರ ಸುಮಾರಿನ ತನ್ನ ಬರಹಗಳಲ್ಲಿ ಅವನನ್ನು ಮತ್ತೆ ಎತ್ತಿಕೊಂಡ. ಅಧಿಕಾರಿಗಳ ಆಯ್ಕೆಯಲ್ಲಿ ಸ್ಥಳೀಯರ ಮಾತಿಗೂ ಬೆಲೆ ಇರಲಿ, ಗುಮಾಸ್ತರ ಜಾಗಕ್ಕೆ ಓದಿದವರು ಬರಲಿ ಎಂದ. 1905ರಲ್ಲಿ ಪರೀಕ್ಷೆಗಳೇ ರದ್ದಾದವು. ಅದಾದ ಕೆಲವೇ ವರ್ಷಗಳಲ್ಲಿ ಸ್ಥಳೀಯ ಸ್ವಯಮಾಡಳಿತದ ನಿಯಮಗಳು ಬಂದವು. ಅವು ಬೇರೂರುವಷ್ಟರಲ್ಲಿ ವಂಶವೇ ಉಳಿದಿರಲಿಲ್ಲ.

ಸಂಜೆ ಓದು ಅವರ ಮಾತು ನನಗೆ ಒಪ್ಪಿಗೆ, ಒಂದನ್ನು ಬಿಟ್ಟು. ಅಪನಂಬಿಕೆಯೇ ಮೂಲ ಎಂಬುದು ನಿಜ. ಆದರೆ 1850ರ ಆ 43 ಕೋಟಿ ಜನರ ಎದುರಿನಲ್ಲಿ, ಯಾರನ್ನು ಎಷ್ಟು ನಂಬಿದ್ದರೂ 1,500 ಮೇಜುಗಳು ಸಾಲುತ್ತಿರಲಿಲ್ಲ.

ನಿವೃತ್ತ ಶಿರಸ್ತೇದಾರ (ಮದ್ದೂರು)

ತಮ್ಮಾ, ತಾತನವರ ಲೆಕ್ಕ ಅಟ್ಟದ ಮೇಲಿತ್ತು ಎಂದಿರಿ. ಈಗಲೂ ಇದೆಯೇ?

ಹೇಮಾವತಿ ನಾಲೆ (ಪಾಂಡವಪುರ)

ಇದೆ ಸರ್. ಕಪ್ಪು ಬಟ್ಟೆಯ ಮಡಿಕೆಗಳು, ಏಳೆಂಟು ಕಟ್ಟು. ಮೇಲೆ ಬಿಳಿ ಅಕ್ಷರ. ಕನ್ನಡದಂತೆ ಕಾಣುತ್ತದೆ, ಆದರೆ ಒಂದು ಪದವೂ ಬಿಡಿಸಲು ಬರುವುದಿಲ್ಲ.

ನಿವೃತ್ತ ಶಿರಸ್ತೇದಾರ (ಮದ್ದೂರು)

ಕಡತ ಅದು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಬಳಪದಿಂದ ಬರೆಯುತ್ತಿದ್ದರು. ಅಕ್ಷರ ಮೋಡಿ; ಕೈ ಎತ್ತದೆ ಕೂಡಿಸಿ ಬರೆಯುವ ಶಾನುಭೋಗರ ಕೈಬರಹ. ನಿಮಗೆ ಮಾತ್ರವಲ್ಲ, ಅಂದಿನ ಅಮಲ್ದಾರರಲ್ಲಿಯೂ ಅದನ್ನು ಓದಲು ಬಾರದವರು ಇದ್ದರು. ಪಕ್ಕದಲ್ಲಿ ಶಾನುಭೋಗರು ನಿಂತು ಓದಿ ಹೇಳಬೇಕಿತ್ತು. ಓದಿ ಹೇಳಿದ್ದನ್ನೇ ಅವರು ನಂಬಬೇಕಿತ್ತು. ನನಗೆ ಅಲ್ಪಸ್ವಲ್ಪ ಬರುತ್ತದೆ. ಬಿಡುವು ನೋಡಿ ಒಂದು ಕಟ್ಟನ್ನು ಮದ್ದೂರಿಗೆ ತನ್ನಿ, ಕೂತು ನೋಡೋಣ. ಧೂಳು ಕೊಡವಬೇಡಿ, ಒದ್ದೆ ಬಟ್ಟೆಯನ್ನಂತೂ ತಾಗಿಸಲೇಬೇಡಿ. ಬಳಪದ ಬರಹ, ಒರೆಸಿದರೆ ಹೋಗುತ್ತದೆ.